ಗೆಕ್ಕೊ ಮರಿಯಲ್ಲಿ ಊನ ಕಂಡರೆ: ದೋಷ ವಂಶದ್ದೋ, ಇನ್‌ಕ್ಯುಬೇಟರಿನದ್ದೋ?

ಮೊಟ್ಟೆಯಿಂದ ಹೊರಬಂದ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ) ಮರಿಯ ಬಾಲ ಸೊಟ್ಟಗಿದೆ. ಒಂದು ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿದೆ. ಅಥವಾ ಎರಡು ತಿಂಗಳ ಮರಿ ಹುಳಕ್ಕೆ ಬಾಯಿ ಹಾಕಲು ಹೋಗಿ ಗುರಿ ತಪ್ಪಿ, ನಿಂತಲ್ಲೇ ಗಿರಗಿರ ಸುತ್ತುತ್ತಿದೆ. ಇಂಥದ್ದು ಕಂಡಾಗ ಕೆಲವರು ಹಿಂದುಮುಂದು ನೋಡದೆ ಜೀನಿನ ಮೇಲೆ ಗೂಬೆ ಕೂರಿಸಿ ಒಳ್ಳೆಯ ಜೋಡಿಯನ್ನೇ ಬೇರ್ಪಡಿಸುತ್ತಾರೆ. ಇನ್ನು ಕೆಲವರು ‘ಶಾಖ ಸ್ವಲ್ಪ ಹೆಚ್ಚಾಗಿತ್ತೇನೋ’ ಎಂದು ಸಮಾಧಾನ ಹೇಳಿಕೊಂಡು ಮುಂದಿನ ವರ್ಷವೂ ಅದೇ ಜೋಡಿಯನ್ನು ಕೂಡಿಸುತ್ತಾರೆ. ಹಾನಿ ಹೆಚ್ಚು ಎರಡನೆಯದರಲ್ಲಿ. ಊನ ಕಂಡ ಮರಿ ಮನೆಯಲ್ಲೇ ಉಳಿದಿರುತ್ತದೆ, ನೋಡಲು ಚೆನ್ನಾಗಿರುವ ಅದರ ಒಡಹುಟ್ಟುಗಳು ಅದೇ ದೋಷವನ್ನು ಒಳಗಿಟ್ಟುಕೊಂಡು ಹತ್ತು ಮನೆ ಸೇರಿರುತ್ತವೆ.

ಕೆಳಗಿನ ಕ್ರಮವನ್ನು ಮುಖ್ಯವಾಗಿ ಲೆಪರ್ಡ್ ಗೆಕ್ಕೊವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಕ್ರೆಸ್ಟೆಡ್ ಮತ್ತು ಆಫ್ರಿಕನ್ ಫ್ಯಾಟ್-ಟೇಲ್ಡ್ ಗೆಕ್ಕೊಗಳಿಗೆ ವ್ಯತ್ಯಾಸ ಇರುವಲ್ಲಿ ಬೇರೆಯಾಗಿ ಹೇಳಿದೆ.

ಮೊದಲು: ಏನನ್ನೂ ಎಸೆಯಬೇಡಿ

ಊನವಿರುವ ಮರಿ, ಸತ್ತ ಮರಿ, ಒಡೆಯದ ಮೊಟ್ಟೆ, ಮೂರೂ ಸಾಕ್ಷ್ಯ. ಮರಿಯ ಫೋಟೊವನ್ನು ಮೇಲಿನಿಂದ, ಎರಡೂ ಬದಿಯಿಂದ, ಗಾಜಿನ ಮೇಲಿಟ್ಟು ಕೆಳಗಿನಿಂದ ತೆಗೆಯಿರಿ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಲೆಪರ್ಡ್ ಗೆಕ್ಕೊ ಮರಿ ಸಾಮಾನ್ಯವಾಗಿ 2.5ರಿಂದ 3.5 ಗ್ರಾಂ ಇರುತ್ತದೆ. ತೀರಾ ಹಗುರವಾಗಿದ್ದರೆ ಆ ಮೊಟ್ಟೆಯಲ್ಲಿ ಅವಳಿ ಇತ್ತೇ ಎಂದು ನೋಡಿ, ಅವಳಿ ಮರಿಗಳು ಪುಟ್ಟದಾಗಿರುವುದು ಸಹಜ.

ಸತ್ತ ಮರಿಯನ್ನು ಪಶುವೈದ್ಯರಿಗೆ ತೋರಿಸುವ ಇರಾದೆ ಇದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ಅಂಗಾಂಶ ಪರೀಕ್ಷೆಗೆ ಉಪಯೋಗವಾಗುವುದಿಲ್ಲ. ಎರಡು ದಿನದೊಳಗೆ ತಲುಪಿಸಲಾಗದಿದ್ದರೆ 10 ಪರ್ಸೆಂಟ್ ಫಾರ್ಮಲಿನ್‌ನಲ್ಲಿಡುವುದು ವಾಡಿಕೆ. ಮುಂದೆ ಡಿಎನ್‌ಎ ಪರೀಕ್ಷೆಯ ಯೋಚನೆ ಇದ್ದರೆ ಬಾಲದ ತುದಿಯ ಒಂದು ಚೂರನ್ನು ಬೇರೆ ಬಾಟಲಿಯಲ್ಲಿ ಗಾಢ ಎಥನಾಲ್‌ನಲ್ಲಿ ಹಾಕಿಡಿ, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಸರೀಸೃಪಗಳಲ್ಲಿ ಸಾಲ್ಮೊನೆಲ್ಲಾ ಇರುವುದು ಅಪರೂಪವೇನಲ್ಲ.

ಆಮೇಲೆ ಒಂದು ಪ್ರಶ್ನೆಗೆ ಉತ್ತರ ಬರೆದಿಡಿ: ಊನ ಹುಟ್ಟುವಾಗಲೇ ಇತ್ತೇ, ಬೆಳೆಯುತ್ತಾ ಬಂತೇ? ಮೊಟ್ಟೆಯಲ್ಲಿ ಮಡಚಿಕೊಂಡಿದ್ದ ಮರಿಯ ಬಾಲ ಮೊದಲ ದಿನ ಕೊಂಚ ಬಾಗಿದ್ದು ವಾರದೊಳಗೆ ನೆಟ್ಟಗಾಗುವುದುಂಟು. ಆದ್ದರಿಂದ ಮೊದಲ ದಿನ, ಏಳನೆಯ ದಿನ, ಒಂದು ತಿಂಗಳಿಗೆ, ಹೀಗೆ ಮೂರು ಸಲ ನೋಡಿ. ಮೊದಲ ದಿನವೇ ‘ಊನ’ ಎಂದು ಹಣೆಪಟ್ಟಿ ಹಚ್ಚಬೇಡಿ.

ದೋಷ ಯಾರ ಹಿಂದೆ ಹೋಗುತ್ತಿದೆ?

ಇಡೀ ತನಿಖೆಯಲ್ಲಿ ಹೆಚ್ಚು ಫಲ ಕೊಡುವ ಪ್ರಶ್ನೆ ಇದು, ಇದಕ್ಕೆ ಉಪಕರಣವೇನೂ ಬೇಡ. ನೋಟ್‌ಬುಕ್ ಇದ್ದರೆ ಸಾಕು.

ಸಂಬಂಧವೇ ಇಲ್ಲದ ಎರಡು ಮೂರು ಜೋಡಿಗಳ ಮೊಟ್ಟೆಗಳಲ್ಲಿ ಒಂದೇ ಅವಧಿಯಲ್ಲಿ ಊನ ಕಂಡರೆ ಜೀನನ್ನು ಬಿಟ್ಟು ಇನ್‌ಕ್ಯುಬೇಟರನ್ನು ಹಿಡಿಯಿರಿ. ಒಂದೇ ಡಬ್ಬಿಯ, ಒಂದೇ ಮೂಲೆಯ ಮೊಟ್ಟೆಗಳಾದರೆ ಅನುಮಾನವೇ ಬೇಡ.

ಒಂದೇ ಹೆಣ್ಣು, ಬೇರೆ ಬೇರೆ ಗಂಡು, ಆದರೂ ಊನ ಮರುಕಳಿಸುತ್ತದೆ ಎಂದರೆ ಎರಡು ಸಾಧ್ಯತೆ ಉಳಿಯುತ್ತವೆ. ಹೆಣ್ಣಿನ ಜೀನಿನಲ್ಲಿ ದೋಷವಿರಬಹುದು, ಹೆಣ್ಣಿನ ಪೋಷಣೆಯಲ್ಲೂ ಇರಬಹುದು, ಏಕೆಂದರೆ ಮೊಟ್ಟೆಯ ಹಳದಿ, ಕ್ಯಾಲ್ಸಿಯಂ, ವಿಟಮಿನ್ ಎಲ್ಲವೂ ಆಕೆಯ ದೇಹದಿಂದಲೇ ಬರಬೇಕು.

ಒಂದೇ ಗಂಡು, ಬೇರೆ ಬೇರೆ ಹೆಣ್ಣು, ಅದೇ ಊನ ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ಸಾಕ್ಷ್ಯ ಬಲವಾಗಿದೆ. ಗಂಡು ಮೊಟ್ಟೆಗೆ ಆಹಾರ ಕೊಡುವುದಿಲ್ಲ, ಶಾಖ ಕೊಡುವುದಿಲ್ಲ, ಕೊಡುವುದು ಜೀನ್ ಮಾತ್ರ. ಹಾಗಾಗಿ ಗಂಡಿನ ಜಾಡಿನಲ್ಲಿ ಹೋಗುವ ದೋಷ ಬಹುಮಟ್ಟಿಗೆ ವಂಶದ್ದೇ.

ಇಲ್ಲೊಂದು ಬಲೆ ಇದೆ. ಹೆಣ್ಣು ಗೆಕ್ಕೊ ವೀರ್ಯವನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಕೂಡಿದ ಮೇಲೆ ತಿಂಗಳುಗಳ ಕಾಲ ಫಲಿತ ಮೊಟ್ಟೆ ಇಡಬಲ್ಲದು. ಒಂದೇ ಸೀಸನ್‌ನಲ್ಲಿ ಗಂಡು ಬದಲಿಸಿದರೆ ಮರಿ ಯಾರದ್ದು ಎಂದು ಹೇಳುವುದು ಊಹೆಯ ಮಾತು. ತನಿಖೆಗಾಗಿ ಗಂಡನ್ನು ಬದಲಿಸುವುದಿದ್ದರೆ ಒಂದು ಪೂರ್ತಿ ಸೀಸನ್ ಹೆಣ್ಣನ್ನು ಒಂಟಿಯಾಗಿ ಬಿಡಿ.

ಇನ್ನು ಒಂದೇ ಹೆಣ್ಣಿನ ಮೊದಲ ಮೂರ್ನಾಲ್ಕು ಜೋಡಿ ಮೊಟ್ಟೆಗಳಲ್ಲಿ ಮರಿ ಚೆನ್ನಾಗಿದ್ದು, ಸೀಸನ್ ಕೊನೆಯ ಮೊಟ್ಟೆಗಳಲ್ಲಿ ಮಾತ್ರ ಊನ ಬಂದರೆ ತಾಯಿಯ ಮೈಯ ಸತ್ವ ಮುಗಿದಿದೆ ಎಂದರ್ಥ. ಲೆಪರ್ಡ್ ಗೆಕ್ಕೊ ಎರಡು ಮೂರು ವಾರಕ್ಕೊಮ್ಮೆ ಎರಡೆರಡು ಮೊಟ್ಟೆ ಇಡುತ್ತಾ ಹೋಗುತ್ತದೆ. ಜೀನ್ ಆಗಿದ್ದರೆ ಮೊದಲ ಮೊಟ್ಟೆ, ಕೊನೆಯ ಮೊಟ್ಟೆ ಎಂಬ ಭೇದ ಮಾಡುತ್ತಿರಲಿಲ್ಲ.

ಇನ್‌ಕ್ಯುಬೇಟರನ್ನು ನಂಬುವ ಮೊದಲು

ಥರ್ಮೋಸ್ಟಾಟ್ ಪರದೆ ತೋರಿಸುವ ಅಂಕಿ ಮೊಟ್ಟೆಯ ಶಾಖವಲ್ಲ, ಸೆನ್ಸರ್ ಇರುವ ಜಾಗದ ಶಾಖ. ಸೆನ್ಸರ್ ಗಾಳಿಯಲ್ಲಿ ತೂಗುತ್ತಿದ್ದರೆ ಮುಚ್ಚಳ ತೆಗೆದಾಗಲೆಲ್ಲ ಹೀಟರ್ ಜೋರಾಗಿ ಉರಿದು ಡಬ್ಬಿಯ ಒಳಗೆ ಶಾಖ ಮಿತಿ ಮೀರುತ್ತದೆ. ಮೊಟ್ಟೆಯ ಡಬ್ಬಿಯಂಥದ್ದೇ ಒಂದು ಡಬ್ಬಿಯಲ್ಲಿ ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜ) ತುಂಬಿ, ಸೆನ್ಸರನ್ನು ಮೊಟ್ಟೆ ಕೂರುವ ಆಳದಲ್ಲಿ ಹೂತಿಡಿ.

ಥರ್ಮಾಮೀಟರು ಸರಿಯಿದೆಯೇ ಎಂದು ನೋಡಲು ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪವೇ ನೀರು ಬೆರೆಸಿ, ಕಲಕಿ, ಅದರಲ್ಲಿ ಸೆನ್ಸರ್ ಅದ್ದಿ ಐದು ನಿಮಿಷ ಬಿಡಿ. 0 ಡಿಗ್ರಿ ತೋರಿಸಬೇಕು. ಒಂದೂವರೆ ಡಿಗ್ರಿ ಕಡಿಮೆ ತೋರಿಸಿದರೆ ನೀವು 32 ಎಂದುಕೊಂಡದ್ದು ನಿಜದಲ್ಲಿ 33.5 ಆಗಿತ್ತು. ಬಳಿಕ ಗರಿಷ್ಠ-ಕನಿಷ್ಠ ನೆನಪಿಡುವ ಥರ್ಮಾಮೀಟರನ್ನು ನಾಲ್ಕು ಮೂಲೆ ಮತ್ತು ನಡುವೆ ತಲಾ 48 ಗಂಟೆ ಇಟ್ಟು ಬರೆದುಕೊಳ್ಳಿ. ಇದು ಬೇಸರದ ಕೆಲಸ, ಆದರೆ ‘ಜೀನಿನ ದೋಷ’ ಎಂದು ಬಂದ ಎಷ್ಟೋ ದೂರುಗಳು ಈ ಹಂತದಲ್ಲೇ ಬಗೆಹರಿಯುತ್ತವೆ.

ಲೆಪರ್ಡ್ ಗೆಕ್ಕೊದಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನೂ ಶಾಖವೇ ತೀರ್ಮಾನಿಸುತ್ತದೆ. 26–28 ಡಿಗ್ರಿಯಲ್ಲಿ ಹೆಚ್ಚಾಗಿ ಹೆಣ್ಣು, 32.5ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು, ಇನ್ನೂ ಮೇಲೆ 34ರ ಹತ್ತಿರ ಹೋದರೆ ಮತ್ತೆ ಹೆಣ್ಣು. ಗಂಡುಮರಿ ಬೇಕೆಂದು ಅಂಚಿನಲ್ಲಿ ಓಡಿಸುವವರ ಇನ್‌ಕ್ಯುಬೇಟರು ಒಂದು ಮಧ್ಯಾಹ್ನ 35 ದಾಟಿದರೂ ಸಾಕು, ಬೆನ್ನುಮೂಳೆ, ಬಾಲ, ಕಣ್ಣುರೆಪ್ಪೆ ಇವುಗಳಲ್ಲಿ ಊನ ಬರಬಹುದು, ಭ್ರೂಣವೇ ಸಾಯಬಹುದು. ಈ ಲಿಂಗದ ಲೆಕ್ಕವನ್ನು ತನಿಖೆಗೂ ಬಳಸಿಕೊಳ್ಳಿ: 28 ಡಿಗ್ರಿಗೆ ಇಟ್ಟಿದ್ದೇನೆ ಎನ್ನುವವರಿಗೆ ಬಂದದ್ದೆಲ್ಲ ಗಂಡು ಆಗಿದ್ದರೆ ಥರ್ಮಾಮೀಟರು ಸುಳ್ಳು ಹೇಳಿದೆ. ದಿನಗಳ ಲೆಕ್ಕವೂ ಹಾಗೆಯೇ. 26–27ರಲ್ಲಿ ಎರಡು ತಿಂಗಳ ಆಸುಪಾಸು, 31–32ರಲ್ಲಿ ಸುಮಾರು ಒಂದೂವರೆ ತಿಂಗಳು. ಕ್ರೆಸ್ಟೆಡ್ ಗೆಕ್ಕೊ ಮೊಟ್ಟೆಗೆ ಇಷ್ಟು ಶಾಖ ಸಲ್ಲದು. ಅವಕ್ಕೆ 22–25 ಡಿಗ್ರಿ ಹಿತ, ಮರಿಯಾಗಲು ಎರಡರಿಂದ ನಾಲ್ಕು ತಿಂಗಳು ಹಿಡಿದರೂ ಅವಸರ ಮಾಡಬೇಡಿ.

ತೇವಕ್ಕೆ: 100 ಗ್ರಾಂ ಒಣ ವರ್ಮಿಕ್ಯುಲೈಟಿಗೆ 80ರಿಂದ 100 ಗ್ರಾಂ ನೀರು, ಅಳತೆ ಲೋಟದಲ್ಲಲ್ಲ, ತೂಕದಲ್ಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮೊಟ್ಟೆ ಇಟ್ಟ ದಿನ ಡಬ್ಬಿಯನ್ನು ಮುಚ್ಚಳ ಸಮೇತ ತೂಗಿ ಬರೆದಿಡಿ. ವಾರದ ಬಳಿಕ 7 ಗ್ರಾಂ ಕಡಿಮೆಯಾಗಿದ್ದರೆ ಅಷ್ಟೇ ನೀರನ್ನು, ಡಬ್ಬಿಯಷ್ಟೇ ಬೆಚ್ಚಗಿರುವುದನ್ನು, ಅಂಚಿನುದ್ದಕ್ಕೆ ಬಿಡಿ. ಮೊಟ್ಟೆಯ ಮೇಲೆ ಸುರಿಯಬೇಡಿ. ಮೊಟ್ಟೆಯ ಮೇಲ್ಭಾಗಕ್ಕೆ ಸಾಧಾರಣ ಪೆನ್ಸಿಲ್ಲಿನಿಂದ ಗುರುತು ಹಾಕಿ. ಮೊದಲ ದಿನ ಕಳೆದ ಮೇಲೆ ಮೊಟ್ಟೆ ಉರುಳಿದರೆ ಗೋಡೆಗೆ ಅಂಟಿಕೊಂಡ ಭ್ರೂಣ ಮುಳುಗಿ ಸಾಯಬಹುದು. ಅದಕ್ಕೂ ವಂಶಕ್ಕೂ ಸಂಬಂಧವಿಲ್ಲ.

ತಾಯಿಯ ಬುತ್ತಿ

ಸಾಕುವವರು ಕೊಡುವ ಹುಳಗಳಲ್ಲಿ ಹೆಚ್ಚಿನವುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಮೊಟ್ಟೆ ಇಡುವ ಹೆಣ್ಣಿಗೆ ಕ್ಯಾಲ್ಸಿಯಂ ಪುಡಿ ಸವರದ ಹುಳ ಕೊಟ್ಟರೆ ಆಕೆ ತನ್ನ ಮೂಳೆಯನ್ನೇ ಕರಗಿಸಿ ಮೊಟ್ಟೆಗೆ ಹಾಕುತ್ತಾಳೆ. ಸಾಲದಾದಾಗ ಮೆತ್ತನೆಯ ದವಡೆಯ, ಬಾಗಿದ ಬೆನ್ನಿನ ಮರಿ ಬರುತ್ತದೆ. ವಿಟಮಿನ್ ಡಿ3 ಇಲ್ಲದೆ ಆ ಕ್ಯಾಲ್ಸಿಯಂ ಮೈಗೆ ಹತ್ತುವುದೂ ಇಲ್ಲ.

ವಿಟಮಿನ್ ಎ ಕಡೆ ಗಮನ ಹೋಗುವುದು ಕಡಿಮೆ. ಕಣ್ಣಿನ ಊನಕ್ಕೆ ಜೀನನ್ನು ದೂರುವ ಮೊದಲು ವಿಟಮಿನ್ ಡಬ್ಬಿಯ ಹಿಂಬದಿ ಓದಿ. ಅದರಲ್ಲಿ ಬರೀ ಬೀಟಾ ಕ್ಯಾರೊಟಿನ್ (ದೇಹವೇ ವಿಟಮಿನ್ ಎ ಆಗಿ ಬದಲಿಸಿಕೊಳ್ಳಬೇಕಾದದ್ದು) ಇದೆಯೇ, ರೆಟಿನಾಲ್ ರೂಪದ ವಿಟಮಿನ್ ಎ ಇದೆಯೇ? ಕೀಟ ತಿನ್ನುವ ಗೆಕ್ಕೊಗಳು ಬೀಟಾ ಕ್ಯಾರೊಟಿನನ್ನು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ ಎಂಬ ಅಭಿಪ್ರಾಯ ಬಲವಾಗಿದೆ, ರೆಟಿನಾಲ್ ಇರುವ ಪುಡಿಯೇ ಒಳ್ಳೆಯದು. ಹಾಗೆಂದು ಸುರಿಯಬೇಡಿ. ವಿಟಮಿನ್ ಎ ಮತ್ತು ಡಿ3 ಎರಡೂ ಹೆಚ್ಚಾದರೆ ವಿಷ, ಡಬ್ಬಿಯ ಮೇಲಿನ ಪ್ರಮಾಣವೇ ಮಿತಿ. 45–50 ಗ್ರಾಂ ತೂಗದ, ಪೂರ್ತಿ ಬಲಿಯದ ಹೆಣ್ಣನ್ನು ಕೂಡಿಸಿದ್ದರೆ ಅದನ್ನೂ ಕಾರಣಗಳ ಪಟ್ಟಿಗೆ ಸೇರಿಸಿ.

ಒಡೆಯದ ಮೊಟ್ಟೆಯನ್ನು ತೆರೆದು ನೋಡುವುದು

ಮೊದಲ ವಾರದ ಕೊನೆಗೆ ಕತ್ತಲಲ್ಲಿ ಪುಟ್ಟ ಟಾರ್ಚ್ ಹಿಡಿದು ನೋಡಿದಾಗ ಕೆಂಪು ನರಗಳೋ ಗುಲಾಬಿ ಉಂಗುರವೋ ಕಂಡಿದ್ದರೆ ಮೊಟ್ಟೆ ಫಲಿತವಾಗಿತ್ತು. ಏನೂ ಕಾಣದೆ ಹಳದಿಯಾಗಿ ಕುಸಿದದ್ದು ಫಲಿಸದ ಮೊಟ್ಟೆ, ಅದನ್ನು ಮರಣದ ಲೆಕ್ಕಕ್ಕೆ ಸೇರಿಸಬೇಡಿ. ಸೇರಿಸಿದರೆ ಮುಂದಿನ ಅನುಪಾತವೆಲ್ಲ ಹಾಳು.

ಸತ್ತ ಮೊಟ್ಟೆಯನ್ನು ಮೊನಚು ಕತ್ತರಿಯಿಂದ ಮೇಲ್ಭಾಗದಲ್ಲಿ ಸುತ್ತ ಕತ್ತರಿಸಿ. ಭ್ರೂಣ ಎಷ್ಟು ಉದ್ದ ಬೆಳೆದಿತ್ತು, ಚರ್ಮಕ್ಕೆ ಬಣ್ಣ ಬಂದಿತ್ತೇ, ಹಳದಿ ಒಳಸೇರಿತ್ತೇ ಎಂದು ಬರೆದುಕೊಳ್ಳಿ. ಪೂರ್ತಿ ಬೆಳೆದು ಕೊನೆಯ ಗಳಿಗೆಯಲ್ಲಿ ಸತ್ತವು ಚದುರಿದಂತೆ ಎಲ್ಲ ಜೋಡಿಗಳಲ್ಲೂ ಇದ್ದರೆ ತೇವ, ಗಾಳಿ, ಶಾಖ ನೋಡಿ. ಒಂದೇ ಜೋಡಿಯ ಮೊಟ್ಟೆಗಳು ಮಾತ್ರ, ಸುಮಾರು ಕಾಲು ಭಾಗ, ಒಂದೇ ಹಂತದಲ್ಲಿ, ಒಂದೇ ರೂಪದಲ್ಲಿ ಸತ್ತಿದ್ದರೆ ಅದು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಜೀನ್ ಸೇರಿದಾಗ ಕೊಲ್ಲುವ ದೋಷದ ಗುರುತು.

ಇದಕ್ಕೆ ಒಳ್ಳೆಯ ಉದಾಹರಣೆ ಕ್ರೆಸ್ಟೆಡ್ ಗೆಕ್ಕೊದ ಲಿಲ್ಲಿ ವೈಟ್ ಎಂಬ ಮಾರ್ಫ್, ಅಂದರೆ ವಂಶದಿಂದ ಬರುವ ಬಣ್ಣದ ಬಗೆ. ಒಂದು ಪ್ರತಿ ಇದ್ದರೆ ಬಿಳಿಯ ಸೊಗಸು, ಎರಡು ಪ್ರತಿ ಬಂದರೆ ಮರಿ ಮೊಟ್ಟೆಯಲ್ಲೋ ಹೊರಬಂದ ಸ್ವಲ್ಪ ಹೊತ್ತಿಗೋ ಸಾಯುತ್ತದೆ. ಲಿಲ್ಲಿ ವೈಟ್ ಎರಡನ್ನು ಕೂಡಿಸಿದರೆ ಬಿಳಿ ಮರಿ ಹೆಚ್ಚು ಸಿಗುತ್ತದೆಂದು ನಂಬುವವರು ಲೆಕ್ಕ ಮಾಡಿ ನೋಡಲಿ. 100 ಫಲಿತ ಮೊಟ್ಟೆಗೆ 25 ಸಾವು, 50 ಲಿಲ್ಲಿ ವೈಟ್, 25 ಸಾಮಾನ್ಯ. ಲಿಲ್ಲಿ ವೈಟನ್ನು ಸಾಮಾನ್ಯ ಗೆಕ್ಕೊಗೆ ಕೂಡಿಸಿದರೆ 50 ಲಿಲ್ಲಿ ವೈಟ್, 50 ಸಾಮಾನ್ಯ, ಸಾವಿಲ್ಲ. ಬಿಳಿ ಮರಿ ಎರಡೂ ಕಡೆ 50ವೇ. ಆಫ್ರಿಕನ್ ಫ್ಯಾಟ್-ಟೇಲ್ಡ್‌ನ ವೈಟ್ ಔಟ್ ಕೂಡ ಹೀಗೆಯೇ ಎಂದು ಬ್ರೀಡರುಗಳು ಅನುಭವದಿಂದ ಕಂಡುಕೊಂಡಿದ್ದಾರೆ, ಅದನ್ನೂ ಅದರದ್ದೇ ಬಣ್ಣಕ್ಕೆ ಕೂಡಿಸುವುದಿಲ್ಲ.

ತಲೆ ಓಲಾಡುವುದು, ಸುತ್ತುವುದು, ಗುರಿ ತಪ್ಪುವುದು

ಲೆಪರ್ಡ್ ಗೆಕ್ಕೊದಲ್ಲಿ ಇದು ಕಂಡರೆ ಮೊದಲು ನೆನಪಾಗುವುದು ಎನಿಗ್ಮಾ. ಈ ಮಾರ್ಫ್ ಪ್ರಬಲ ಗುಣ, ಒಂದೇ ಪ್ರತಿ ಸಾಕು. ಅದರ ಜತೆಗೇ ನರದ ತೊಂದರೆ ಬರುತ್ತದೆ: ಕತ್ತು ಓರೆ, ಆಕಾಶ ನೋಡುತ್ತಾ ನಿಲ್ಲುವುದು, ಒಂದೇ ಜಾಗದಲ್ಲಿ ಸುತ್ತುವುದು, ಹುಳದ ಪಕ್ಕಕ್ಕೆ ಬಾಯಿ ಹಾಕುವುದು. ತೀವ್ರತೆ ಒಂದೊಂದರಲ್ಲಿ ಒಂದೊಂದು ಥರ. ಮರಿಯಲ್ಲಿ ಇಲ್ಲದ್ದು ದೊಡ್ಡದಾದ ಮೇಲೆ, ಮೊಟ್ಟೆ ಇಟ್ಟ ಆಯಾಸದ ಬಳಿಕ ಅಥವಾ ಜಾಗ ಬದಲಾದಾಗ ಕಾಣಿಸಿಕೊಳ್ಳಬಹುದು. ‘ನನ್ನ ಎನಿಗ್ಮಾಗೆ ಏನೂ ಇಲ್ಲ, ಅದರ ಮರಿಗೂ ಬರಲ್ಲ’ ಎಂಬ ಮಾತಿಗೆ ಆಧಾರವಿಲ್ಲ. ಲಕ್ಷಣವೇ ತೋರದ ತಾಯಿಗೆ ತೀವ್ರವಾಗಿ ನರಳುವ ಮರಿ ಹುಟ್ಟುತ್ತದೆ. ವೈಟ್ ಅಂಡ್ ಯೆಲ್ಲೊ ಮಾರ್ಫಿನ ಕೆಲವು ವಂಶಗಳಲ್ಲೂ ಇಂಥ ಲಕ್ಷಣಗಳು ವರದಿಯಾಗಿವೆ.

ಆದರೆ ತಲೆ ಓಲಾಡಿದ್ದೆಲ್ಲ ಎನಿಗ್ಮಾ ಅಲ್ಲ. ಮೂರು ವಿಡಿಯೊ ಮಾಡಿಕೊಳ್ಳಿ: ಮುಸ್ಸಂಜೆಯಲ್ಲಿ ಯಾರೂ ಮುಟ್ಟದೆ ಇರುವಾಗ, ಹುಳ ಹಿಡಿಯುವಾಗ, ಕೈಯಲ್ಲಿ ಎತ್ತಿ ಬಿಟ್ಟ ತಕ್ಷಣ. ಬೆರಳು, ಕಾಲು ಅದುರುತ್ತಿದ್ದು ದವಡೆ ಮೆತ್ತಗಿದ್ದರೆ ಕ್ಯಾಲ್ಸಿಯಂ ಕೊರತೆ. ಎಕ್ಸ್‌ರೇ ತೆಗೆದರೆ ಮೂಳೆ ಮಸುಕಾಗಿ ಕಾಣುತ್ತದೆ, ಚಿಕಿತ್ಸೆಯಿಂದ ಅದುರು ನಿಲ್ಲುತ್ತದೆ. ಎನಿಗ್ಮಾಗೆ ಅಂಥ ಚಿಕಿತ್ಸೆ ಇಲ್ಲ. ಕಿವಿಯ ರಂಧ್ರದಲ್ಲಿ ಹಳೆಯ ಪೊರೆ ಸಿಕ್ಕಿಕೊಂಡು ಸೋಂಕಾದರೂ ತಲೆ ಒಂದು ಪಕ್ಕಕ್ಕೆ ವಾಲುತ್ತದೆ, ಟಾರ್ಚ್ ಹಿಡಿದು ಎರಡೂ ಕಿವಿ ನೋಡಿ. ಕೋಣೆಯಲ್ಲಿ ಕೀಟನಾಶಕ ಸಿಂಪಡಿಸಿದ್ದಿರಾ? ಆ ವಿಷವೂ ಹೀಗೇ ನಡುಗಿಸುತ್ತದೆ. ಅಲ್ಬಿನೊ, ಅಂದರೆ ಮೈಯಲ್ಲಿ ಕಪ್ಪು ಬಣ್ಣ ಇಲ್ಲದ ಮಾರ್ಫ್‌ಗಳು ಪ್ರಖರ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಹುಳ ಹಿಡಿಯಲು ಗುರಿ ತಪ್ಪುವುದು ಮಾಮೂಲು. ದೀಪ ಮಂದ ಮಾಡಿ ನೋಡಿ, ಗುರಿ ಸರಿಹೋದರೆ ನರದ ಭಯ ಬೇಡ.

ಬ್ಲಿಜರ್ಡ್‌ನಂಥ ಮಚ್ಚೆಯಿಲ್ಲದ ಮಾರ್ಫಿನ ಒಳಗೆ ಎನಿಗ್ಮಾ ಅಡಗಿದ್ದರೆ ಬಣ್ಣ ನೋಡಿ ಗುರುತಿಸುವುದು ಕಷ್ಟ. ಅಲ್ಲಿ ತಂದೆ-ತಾಯಿಯ ದಾಖಲೆ ಒಂದೇ ಗತಿ.

ಕಣ್ಣು

ಚಿಕ್ಕ ಕಣ್ಣು, ಅರ್ಧ ರೆಪ್ಪೆ, ಮುಚ್ಚಿದ ಕಣ್ಣು. ಎಕ್ಲಿಪ್ಸ್ ಮತ್ತು ಬ್ಲಿಜರ್ಡ್ ಮಾರ್ಫ್‌ಗಳು ಸೇರಿದ ವಂಶಗಳಲ್ಲಿ ಚಿಕ್ಕ ಕಣ್ಣಿನ ಮರಿಗಳು ಬರುವುದು ಬ್ರೀಡರುಗಳಿಗೆ ಹೊಸದಲ್ಲ. ಅದೇ ಊನ ತಾಯಿಯ ವಿಟಮಿನ್ ಎ ಕೊರತೆಯಿಂದಲೂ ಅತಿ ಶಾಖದಿಂದಲೂ ಬರುತ್ತದೆ. ಬೇರ್ಪಡಿಸುವ ದಾರಿ ಒಂದೇ: ತಾಯಿಯ ಆಹಾರ ಸರಿಪಡಿಸಿ, ಇನ್‌ಕ್ಯುಬೇಟರು ಅಳೆದ ನಂತರವೂ ಅದೇ ಜೋಡಿಯಲ್ಲಿ ಬಂತೇ? ಮುಚ್ಚಿದಂತೆ ಕಂಡ ಕಣ್ಣನ್ನು ಮೊದಲ ಪೊರೆ ಪೂರ್ತಿ ಬಿಡುವ ತನಕ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪೊರೆಯ ಚೂರು ರೆಪ್ಪೆಯಡಿ ಉಳಿದಿರಬಹುದು, ಬೆಚ್ಚನೆಯ ನೀರಿನಲ್ಲಿ ನೆನೆಸಿದ ಹತ್ತಿಯಿಂದ ಒದ್ದೆ ಮಾಡಿ ನೋಡಿ, ಕೀಳಬೇಡಿ.

ಬೆನ್ನು, ಬಾಲ, ಬೆರಳು, ಮೂಗು

ಹುಟ್ಟಿದಾಗ ನೆಟ್ಟಗಿದ್ದ ಬೆನ್ನು ಎರಡು ಮೂರು ತಿಂಗಳಿಗೆ ಬಾಗಿದರೆ ಆ ಮರಿಯದ್ದೇ ಕ್ಯಾಲ್ಸಿಯಂ ಕೊರತೆ. ಹುಟ್ಟಿನಿಂದಲೇ ಗಟ್ಟಿಯಾಗಿ ಬಾಗಿ, ಕೈಯಾಡಿಸಿದರೆ ಗಂಟು ಸಿಕ್ಕಿ, ಎಕ್ಸ್‌ರೇಯಲ್ಲಿ ಎರಡು ಕಶೇರು ಬೆಸೆದುಕೊಂಡಂತೆ ಕಂಡರೆ ಅದು ಮೊಟ್ಟೆಯೊಳಗೇ ಆದದ್ದು. ಅದಕ್ಕೆ ಶಾಖ ಕಾರಣವಿರಬಹುದು, ಜೀನೂ ಇರಬಹುದು. ಕ್ರೆಸ್ಟೆಡ್ ಗೆಕ್ಕೊ ಗೋಡೆಗೆ ತಲೆಕೆಳಗಾಗಿ ಅಂಟಿ ಮಲಗಿ ಬಾಲ ಬೆನ್ನಿನ ಮೇಲೆ ಮಗುಚಿಬೀಳುವುದನ್ನು ವಂಶದ ದೋಷವೆಂದು ಹೇಳುವವರಿದ್ದಾರೆ. ಅದಕ್ಕೆ ಮುಖ್ಯ ಕಾರಣ ಅಡ್ಡಕ್ಕೆ ಮಲಗಲು ಎಲೆ, ಕೊಂಬೆ ಸಾಲದಿರುವುದು.

ಬೆರಳಿಲ್ಲದಿದ್ದರೆ ತುದಿ ನೋಡಿ. ಕಪ್ಪಾಗಿ, ಗಾಯದ ಗುರುತಿದ್ದರೆ ಪೊರೆ ಬಿಗಿದು ಉದುರಿದ್ದು. ನುಣ್ಣಗೆ ಮುಗಿದಿದ್ದರೆ ಹುಟ್ಟಿನದ್ದು. ಕ್ರೆಸ್ಟೆಡ್‌ನ ಕ್ಯಾಪುಚಿನೊ ಮಾರ್ಫ್ ಎರಡು ಪ್ರತಿ ಬಂದಾಗ ಮೂಗಿನ ಹೊಳ್ಳೆ ಸೂಜಿಮೊನೆಯಷ್ಟು ಕಿರಿದಾದ ಮರಿಗಳು ಹುಟ್ಟುವುದು ವರದಿಯಾಗಿದೆ. ಬಾಯಿ ತೆರೆದು ಉಸಿರಾಡುವ, ಮೂಗಿನಲ್ಲಿ ಪೊರೆ ಕಟ್ಟಿಕೊಳ್ಳುವ ಮರಿ ಕಂಡರೆ ಹೊಳ್ಳೆಯನ್ನು ಭೂತಗನ್ನಡಿಯಲ್ಲಿ ನೋಡಿ.

ತಡವಾಗಿ ಬರುವ ಗಂಟು

ಲೆಮನ್ ಫ್ರಾಸ್ಟ್ ಲೆಪರ್ಡ್ ಗೆಕ್ಕೊ ಮರಿ ನೋಡಲು ಎಲ್ಲಕ್ಕಿಂತ ಸುಂದರ, ಆರೋಗ್ಯವಂತ. ತೊಂದರೆ ಬರುವುದು ಆಮೇಲೆ. ಚರ್ಮಕ್ಕೆ ಹೊಳಪು ಕೊಡುವ ಇರಿಡೊಫೋರ್ ಎಂಬ ಕೋಶಗಳು ಮಿತಿ ಮೀರಿ ಬೆಳೆದು ಬಿಳಿ ಗಡ್ಡೆಗಳಾಗುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಿಂಟ್1 ಎಂಬ ಜೀನಿಗೆ ಜೋಡಿಸಿತು. ಈ ಮಾರ್ಫಿನ ಬಹುಪಾಲು ಗೆಕ್ಕೊಗಳಿಗೆ, ಐದರಲ್ಲಿ ನಾಲ್ಕಕ್ಕಿಂತ ಹೆಚ್ಚಿಗೆ, ಆರು ತಿಂಗಳಿಂದ ಐದು ವರ್ಷದೊಳಗೆ ಗಡ್ಡೆ ಬರುತ್ತದೆ. ಇಲ್ಲಿ ‘ಒಳ್ಳೆಯ ವಂಶ’ ಹುಡುಕುವುದು ವ್ಯರ್ಥ, ಏಕೆಂದರೆ ಬಣ್ಣವನ್ನು ಕೊಡುವ ಬದಲಾವಣೆಯೇ ಗಡ್ಡೆಯನ್ನೂ ಕೊಡುತ್ತದೆ. ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯಲಾಗದು. ಈಗಾಗಲೇ ಮನೆಯಲ್ಲಿರುವುದನ್ನು ತಿಂಗಳಿಗೊಮ್ಮೆ ಹೊಟ್ಟೆ, ಪಕ್ಕೆ, ಬಾಯಿಯ ಅಂಚು, ಕಣ್ಣಿನ ಸುತ್ತ ನೋಡಿ ಫೋಟೊ ತೆಗೆದಿಡಿ, ಕೂಡಿಸಬೇಡಿ.

ಎಷ್ಟು ಮರಿ ನೋಡಿದರೆ ಸಾಕು?

ಊನ ದುರ್ಬಲ ಗುಣವಾಗಿದ್ದು (ಎರಡು ಪ್ರತಿ ಸೇರಿದರೆ ಮಾತ್ರ ಕಾಣುವಂಥದ್ದು) ತಂದೆ-ತಾಯಿ ಇಬ್ಬರೂ ಹೆಟ್ ಆಗಿದ್ದರೆ, ಅಂದರೆ ಒಂದೊಂದು ಪ್ರತಿ ಹೊತ್ತಿದ್ದರೆ, ಪ್ರತಿ ಮರಿಗೆ ಊನ ಬರುವ ಸಂಭವ 25 ಪರ್ಸೆಂಟ್. ‘ಎಂಟು ಮರಿ ಬಂತು, ಎಲ್ಲ ಚೆನ್ನಾಗಿವೆ, ಜೋಡಿ ಶುದ್ಧ’ ಎನ್ನುವುದು ಅವಸರದ ಮಾತು. ಇಬ್ಬರೂ ಹೆಟ್ ಆಗಿದ್ದೂ ಎಂಟಕ್ಕೆ ಎಂಟು ಚೆನ್ನಾಗಿ ಬರುವ ಸಂಭವ 10 ಪರ್ಸೆಂಟ್. ಹತ್ತು ಮರಿಗೆ ಅದು 5.6ಕ್ಕೆ ಇಳಿಯುತ್ತದೆ, ಹದಿನಾರಕ್ಕೆ 1ಕ್ಕೆ. ಒಂದು ಸೀಸನ್‌ನ ಮರಿಗಳಿಂದ ಜೋಡಿಯನ್ನು ನಿರ್ದೋಷಿ ಎನ್ನುವುದು ಕಷ್ಟ.

ಒಮ್ಮೆ ದುರ್ಬಲ ಗುಣದ ಊನ ಖಚಿತವಾದರೆ ಮಾತ್ರ ಲೆಕ್ಕ ಕರಾರುವಾಕ್ಕು. ತಂದೆ-ತಾಯಿ ಇಬ್ಬರೂ ಹೊತ್ತಿದ್ದಾರೆ, ಇದರಲ್ಲಿ ಅನುಮಾನವಿಲ್ಲ. ಚೆನ್ನಾಗಿ ಕಾಣುವ ಪ್ರತಿ ಒಡಹುಟ್ಟು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಅದೇ ಗಂಡಿನ ಬೇರೆ ಹೆಣ್ಣುಗಳ ಮರಿಗಳಲ್ಲಿ ಅರ್ಧಕ್ಕರ್ಧ. ಆ ಗಂಡನ್ನು ಬೇರೆ ಹೆಣ್ಣಿನಿಂದ ಹುಟ್ಟಿದ ಅದರ ಮಗಳಿಗೇ ಕೂಡಿಸಿದರೆ ಎಂಟಕ್ಕೆ ಒಂದು ಮರಿಯಲ್ಲಿ ಊನ ಬಯಲಾಗುತ್ತದೆ. ರಕ್ತಸಂಬಂಧದಲ್ಲಿ ಕೂಡಿಸುತ್ತಾ ಹೋದಾಗ ಇದ್ದಕ್ಕಿದ್ದಂತೆ ಊನ ‘ಹುಟ್ಟಿಕೊಳ್ಳುವುದು’ ಹೀಗೆ. ಅಣ್ಣ-ತಂಗಿಯ ಮರಿಯ ಅಂತಃಸಂಬಂಧ ಗುಣಾಂಕ (ಒಂದೇ ಪೂರ್ವಜರ ಒಂದೇ ಜೀನ್ ಪ್ರತಿ ಎರಡೂ ಕಡೆಯಿಂದ ಬರುವ ಸಂಭವ) 25 ಪರ್ಸೆಂಟ್, ತಂದೆ-ಮಗಳದ್ದೂ ಅಷ್ಟೇ, ಮಲ ಒಡಹುಟ್ಟುಗಳದ್ದು 12.5.

ಪ್ರಬಲ ಅಥವಾ ಅರೆಪ್ರಬಲ ಗುಣದಲ್ಲಿ ಕಥೆ ತಲೆಕೆಳಗು. ಲೆಮನ್ ಫ್ರಾಸ್ಟಿನ ಒಡಹುಟ್ಟು ಲೆಮನ್ ಫ್ರಾಸ್ಟ್ ಅಲ್ಲದಿದ್ದರೆ ಅದು ಆ ಜೀನನ್ನು ಹೊತ್ತಿಲ್ಲ, ಮಾರ್ಫನ್ನು ಸರಿಯಾಗಿ ಗುರುತಿಸಿದ್ದರೆ ಅದನ್ನು ಕೂಡಿಸಲು ಅಡ್ಡಿಯಿಲ್ಲ. ‘ಹೆಟ್ ಎನಿಗ್ಮಾ’ ಎಂದು ಯಾರಾದರೂ ಸಾಮಾನ್ಯವಾಗಿ ಕಾಣುವ ಗೆಕ್ಕೊ ಮಾರುತ್ತಿದ್ದರೆ ಅವರಿಗೆ ತಳಿಶಾಸ್ತ್ರ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಊನವಿರುವುದಕ್ಕೇ ಕೂಡಿಸಿ ಪರೀಕ್ಷಿಸಿದರೆ ಉತ್ತರ ಬೇಗ ಸಿಗುತ್ತದೆ. ಇನ್ನೊಂದು ಹೆಟ್ ಆಗಿದ್ದರೆ ಅರ್ಧ ಮರಿಗಳಲ್ಲಿ ಊನ ಬರಬೇಕು, ಹೆಟ್ ಆಗಿದ್ದೂ ಐದಕ್ಕೆ ಐದು ಮರಿ ಚೆನ್ನಾಗಿ ಬರುವ ಸಂಭವ 3 ಪರ್ಸೆಂಟ್ ಮಾತ್ರ. ಆದರೆ ಇದು ಅಲ್ಬಿನೊ ಬಣ್ಣದಂಥ ನಿರಪಾಯ ಗುಣಕ್ಕೆ ಸರಿ. ಕುರುಡು, ಬೆನ್ನು ಸೊಟ್ಟ, ನರದ ತೊಂದರೆ ಇವುಗಳಿಗೆ ಬೇಡ. ಉತ್ತರಕ್ಕಾಗಿ ನರಳುವ ಮರಿ ಹುಟ್ಟಿಸುವುದಕ್ಕಿಂತ ಉತ್ತರ ತಿಳಿಯದೆ ಜೋಡಿಯನ್ನು ನಿಲ್ಲಿಸುವುದು ಮೇಲು.

ಬಣ್ಣದ ವಿಷಯಕ್ಕೆ ಬಂದದ್ದರಿಂದ ಒಂದು ಮಾತು. ಟ್ರೆಂಪರ್, ಬೆಲ್, ರೇನ್‌ವಾಟರ್ ಎಂಬ ಮೂರು ಅಲ್ಬಿನೊ ವಂಶಗಳು ಬೇರೆ ಬೇರೆ. ಒಂದನ್ನು ಇನ್ನೊಂದಕ್ಕೆ ಕೂಡಿಸಿ ಮಾಮೂಲಿ ಬಣ್ಣದ ಮರಿ ಬಂದರೆ ಅದು ದೋಷವಲ್ಲ. ಆದರೆ ಎರಡೂ ಅಡಗಿರುವ ಆ ಮರಿ ಮುಂದಿನವರ ದಾಖಲೆಯನ್ನೆಲ್ಲ ಕಲಸುತ್ತದೆ, ಅದನ್ನು ಕೂಡಿಸದಿರುವುದೇ ಲೇಸು.

ತೀರ್ಮಾನವಾದ ಮೇಲೆ

ಕಾರಣ ಇನ್‌ಕ್ಯುಬೇಟರು ಅಥವಾ ಆಹಾರ ಎಂದು ಸಿಕ್ಕಿದರೆ ಸರಿಪಡಿಸಿ, ಹೆಣ್ಣಿಗೆ ಒಂದು ಸೀಸನ್ ಬಿಡುವು ಕೊಟ್ಟು, ಅದೇ ಜೋಡಿಯನ್ನು ಮತ್ತೊಮ್ಮೆ ಕೂಡಿಸಬಹುದು. ಅಳತೆಯೆಲ್ಲ ಸರಿಯಿದ್ದೂ ಅದೇ ಊನ ಎರಡನೆಯ ಸಲ ಬಂದರೆ ವಂಶದ್ದೆಂದೇ ಹಿಡಿಯಿರಿ, ಮೂರನೆಯ ಸಲ ಕಾಯಬೇಡಿ. ಆಗ ಜೋಡಿಯನ್ನು ಬಿಡಿಸಿ ಬೇರೆಯವಕ್ಕೆ ಕೂಡಿಸುವುದು ಪರಿಹಾರವಲ್ಲ. ಅದರಿಂದ ಊನ ಕಣ್ಣಿಗೆ ಬೀಳುವುದು ನಿಲ್ಲುತ್ತದೆ, ಹರಡುವುದು ನಿಲ್ಲುವುದಿಲ್ಲ. ಇಬ್ಬರನ್ನೂ ಸಾಕು ಪ್ರಾಣಿಯಾಗಿಯೇ ಉಳಿಸಿಕೊಳ್ಳಿ. ಮಾರಿದ ಮರಿಗಳ ಪಟ್ಟಿ ತೆಗೆದು ಕೊಂಡವರಿಗೆ ತಿಳಿಸಿ: ಯಾವ ಜೋಡಿ, ಯಾವ ತಾರೀಕಿನ ಮರಿ, ಏನು ಊನ, ಹೊತ್ತಿರುವ ಸಂಭವ ಎಷ್ಟು. ‘ಸಾಕಲು ಮಾತ್ರ’ ಎಂದು ಬಾಯಲ್ಲಿ ಹೇಳಿ ಕೊಟ್ಟದ್ದು ಎರಡನೆಯ ಕೈ ದಾಟಿದ ಮೇಲೆ ಉಳಿಯುವುದಿಲ್ಲ, ಬರವಣಿಗೆಯಲ್ಲಿ ಕೊಡಿ.

ಊನವಿದ್ದೂ ತಾನೇ ತಿನ್ನುವ, ಓಡಾಡುವ, ತೂಕ ಏರುವ ಮರಿ ಬದುಕಬಲ್ಲದು. ಹುಳವನ್ನು ಚಿಮಟದಿಂದ ಹಿಡಿದು ಕೊಡಿ, ನೀರಿನ ಬಟ್ಟಲು ಆಳವಿಲ್ಲದ್ದಾಗಿರಲಿ. ಎರಡು ವಾರ ಕೈಯಾರೆ ತಿನ್ನಿಸಿದರೂ ತೂಕ ಇಳಿಯುತ್ತಿದ್ದರೆ ದಯಾಮರಣದ ಮಾತನ್ನು ಪಶುವೈದ್ಯರ ಹತ್ತಿರವೇ ಆಡಿ. ಜೀವಂತ ಮರಿಯನ್ನು ಫ್ರೀಜರಿನಲ್ಲಿಡುವ ಹಳೆಯ ರೂಢಿ ಕ್ರೂರ, ಅದನ್ನು ಮಾಡಬೇಡಿ.

ಬೇರ್ಪಡಿಸಿದ ಹೆಣ್ಣು ಕೂಡಿಟ್ಟ ವೀರ್ಯದಿಂದ ಇನ್ನೂ ಕೆಲವು ಜೋಡಿ ಮೊಟ್ಟೆ ಇಡುತ್ತದೆ, ಗಂಡಿಲ್ಲದಿದ್ದರೂ ಮುಂದಿನ ಸೀಸನ್‌ನಲ್ಲಿ ಫಲಿಸದ ಮೊಟ್ಟೆ ಇಡಬಹುದು. ಒದ್ದೆ ಪಾಚಿಯ ಡಬ್ಬಿಯನ್ನೂ ಕ್ಯಾಲ್ಸಿಯಂ ಬಟ್ಟಲನ್ನೂ ತೆಗೆಯಬೇಡಿ, ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯವಿದೆ. ಸಿಕ್ಕ ಮೊಟ್ಟೆಗಳನ್ನು ಇಟ್ಟ ದಿನವೇ, ಭ್ರೂಣ ಬೆಳೆಯುವ ಮೊದಲು, ಫ್ರೀಜರಿಗೆ ಹಾಕಿ, ಎರಡು ದಿನ ಬಿಟ್ಟು ವಿಲೇವಾರಿ ಮಾಡಿ. ನೋಟ್‌ಬುಕ್ಕಿನಲ್ಲಿ ಅದರ ತಾರೀಕನ್ನೂ ಬರೆಯಿರಿ.